ದೋಣಿಯ ಹಾಯಿಗೂ ಪಂಚೆ ಎತ್ತಿ ಕಟ್ಟಿದೆ

ಮೊದಲೇ ಹೇಳಿಬಿಡುತ್ತೇನೆ, ಈ ಕೆಲಸವನ್ನು ನಾನು ಉಲ್ಟಾ ಮಾಡಿದೆ. ಹಾಯಿ ಚಿಕ್ಕದು ಮಾಡುವ ಏರ್ಪಾಡನ್ನು ಮೊದಲು ಹೊಲಿಸಿದೆ, ನೀರಿನ ಮಧ್ಯೆ ದೋಣಿಯನ್ನು ತೆಪ್ಪಗೆ ನಿಲ್ಲಿಸುವುದನ್ನು ಆಮೇಲೆ ಕಲಿತೆ. ನಡುವೆ ಹಾಯಿ ಒಂದು ಕಡೆ ಹರಿಯಿತು, ಮೊಣಕಾಲಿನ ಕೆಳಗೆ ಗಾಯ ಆಯಿತು, ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಕಳೆಯಿತು. ಒಬ್ಬರೇ ದೋಣಿ ನಡೆಸುವವರು ಯಾರಾದರೂ ಇದ್ದರೆ ಅವರಿಗೆ ಅಷ್ಟು ದಿನ ಹಿಡಿಯದಿರಲಿ ಅಂತ ಬರೆದಿಡುತ್ತಿದ್ದೇನೆ.

ದೋಣಿ 14 ಅಡಿಯದು. ಹಳೆಯ ಫೈಬರ್ ದೋಣಿ, ಕರಾವಳಿಯಿಂದ ಪಿಕಪ್‌ನಲ್ಲಿ ಹೇರಿಕೊಂಡು ಘಟ್ಟ ಹತ್ತಿಸಿದ್ದು. ಅಲ್ಯೂಮಿನಿಯಂ ಪೈಪಿನ ಕಂಬ, ಅದಕ್ಕೆ ಒಂದು ದೊಡ್ಡ ಹಾಯಿ, ಮುಂದೆ ಒಂದು ಸಣ್ಣ ಹಾಯಿ. ದೊಡ್ಡದು ಮೇನ್, ಸಣ್ಣದು ಜಿಬ್. ಮೇನ್ ಹಾಯಿಯ ಬುಡದಲ್ಲಿ ಅಡ್ಡಕ್ಕಿರುವ ಗಳು ಬೂಮ್, ಗಾಳಿ ತಿರುಗಿದಾಗ ತಲೆಗೆ ಬಡಿಯುವುದು ಅದೇ. ಓಡಾಟ ಎಲ್ಲ ಲಿಂಗನಮಕ್ಕಿ ಹಿನ್ನೀರಿನಲ್ಲಿ, ಸಾಗರದಿಂದ ಸಿಗಂದೂರು ಕಡೆ ಹೋಗುವಾಗ ಸಿಗುತ್ತದಲ್ಲ, ಆ ಹೊಳೆಬಾಗಿಲಿನ ಆಚೀಚೆ. 1964ರಲ್ಲಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿತು. ಮುಳುಗಿದ ಕಾಡಿನ ಒಣಮರಗಳು ಇವತ್ತಿಗೂ ನಿಂತೇ ಇವೆ. ಜಲಾಶಯ ತುಂಬಿ 1819 ಅಡಿ ಮುಟ್ಟಿದಾಗ ಎಷ್ಟೋ ಬೊಡ್ಡೆಗಳು ನೀರಿನ ಅಡಿಯಲ್ಲಿರುತ್ತವೆ, ಬೇಸಿಗೆಯಲ್ಲಿ ನೀರಿಳಿದ ಹಾಗೆ ಒಂದೊಂದೇ ತಲೆ ಎತ್ತುತ್ತವೆ. ಈ ಬೊಡ್ಡೆಗಳ ವಿಷಯ ಮುಂದೆ ಮತ್ತೆ ಬರುತ್ತದೆ.

ಶುರುವಾದದ್ದು ಭರಣಿ ಮಳೆಯಲ್ಲಿ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ, ಇರಬಹುದು, ಹಿನ್ನೀರಿನ ನಡುವೆ ಹಾಯಿ ಬಿಚ್ಚಿಕೊಂಡು ಕೂತವನಿಗೆ ಅದರಿಂದ ಏನೂ ಲಾಭ ಇಲ್ಲ. ಮಧ್ಯಾಹ್ನ ಮೂರು ಗಂಟೆವರೆಗೆ ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಮೂರೂವರೆ ಹೊತ್ತಿಗೆ ಪಡುವಣ ಗುಡ್ಡದ ಮೇಲೆ ಮೋಡ ಕಪ್ಪಗೆ ಕಟ್ಟಿತು. ನೋಡಿದೆ. ನೋಡಿಯೂ ಇನ್ನೊಂದು ಸುತ್ತು ಹಾಕೋಣ ಅಂದುಕೊಂಡೆ. ನೀರಿನ ಮೇಲೆ ಕಪ್ಪು ಪಟ್ಟೆಯೊಂದು ನನ್ನ ಕಡೆಗೇ ಓಡಿ ಬರುವುದು ಕಂಡಾಗ ಹಾಯಿ ಇಳಿಸಲು ಎದ್ದೆ. ಎದ್ದದ್ದೇ ತಪ್ಪಾಯಿತು. ಹಾಯಿ ಏರಿಸುವ ಹಗ್ಗ, ಅದನ್ನು ಹ್ಯಾಲ್ಯಾರ್ಡ್ ಅನ್ನುತ್ತಾರೆ, ಕಂಬದ ಬುಡದಲ್ಲಿ ಕಟ್ಟಿತ್ತು, ಅಲ್ಲಿಗೆ ಹೋಗಬೇಕಾದರೆ ಚುಕ್ಕಾಣಿ ಬಿಡಬೇಕು, ಬಿಟ್ಟ ಮೂರು ಸೆಕೆಂಡಿಗೆ ದೋಣಿ ಗಾಳಿಗೆ ಅಡ್ಡ ತಿರುಗಿತು, ಹಾಯಿ ತುಂಬಿತು, ಒಂದು ಅಂಚು ಪೂರ್ತಿ ನೀರೊಳಗೆ ಹೋಯಿತು. ಮಗುಚಲಿಲ್ಲ, ಅಷ್ಟೇ. ನಾನು ದೋಣಿಯೊಳಗೇ ಬಿದ್ದ ರಭಸಕ್ಕೆ ಮೇನ್ ಶೀಟ್, ಅಂದರೆ ಬೂಮನ್ನು ಹಿಡಿದಿಡುವ ಹಗ್ಗ, ಅದನ್ನು ಬಿಗಿದು ಸಿಕ್ಕಿಸುವ ಹಿಡಿಕೆಯಿಂದ, ಅಂದರೆ ಕ್ಲೀಟಿನಿಂದ, ಕಿತ್ತುಬಂತು, ಹಾಯಿಯಲ್ಲಿದ್ದ ಗಾಳಿ ಖಾಲಿಯಾಯಿತು. ಅದು ನನ್ನ ಜಾಣತನ ಅಲ್ಲ. ಅರ್ಧ ದೋಣಿ ನೀರು. ಗಾಳಿ ನಮ್ಮನ್ನು ತಳ್ಳಿಕೊಂಡು ಹೋಗಿ ಒಣಮರಗಳ ಗುಂಪಿನೊಳಗೆ ಸಿಕ್ಕಿಸಿತು. ಒಂದು ಮರವನ್ನು ಅಪ್ಪಿ ಹಿಡಿದುಕೊಂಡು, ಸ್ನಾನದ ಮಗ್ಗಿನಲ್ಲಿ ನಲವತ್ತು ನಿಮಿಷ ನೀರು ಮೊಗೆದೆ.

ಗಾಳಿಯ ಲೆಕ್ಕ ಗೊತ್ತಿರಲಿಲ್ಲ ಅಂತೇನಲ್ಲ. ವೇಗ ಎರಡು ಪಟ್ಟಾದರೆ ಹಾಯಿಯ ಮೇಲೆ ಬೀಳುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 15 ಕಿಲೋಮೀಟರ್ ಗಾಳಿಯಲ್ಲಿ ಆರಾಮಾಗಿ ಕೂತಿದ್ದವನು 30 ಕಿಲೋಮೀಟರ್ ಗಾಳಿಯಲ್ಲಿ ಸ್ವಲ್ಪ ಗಟ್ಟಿಯಾಗಿ ಕೂತರೆ ಸಾಲದು, ಅಲ್ಲಿ ಇರುವುದು ಬೇರೆಯೇ ಪ್ರಾಣಿ. ಅದಕ್ಕೇ ರೀಫ್ ಅನ್ನುವುದು ಇರುವುದು. ಹಾಯಿಯನ್ನು ಸ್ವಲ್ಪ ಕೆಳಗಿಳಿಸಿ, ಬುಡದ ಭಾಗವನ್ನು ಬೂಮಿನ ಪಕ್ಕ ಮಡಚಿ ಕಟ್ಟುವುದು. ಗದ್ದೆಗೆ ಇಳಿಯುವಾಗ ಪಂಚೆ ಎತ್ತಿ ಕಟ್ಟುತ್ತೇವಲ್ಲ, ಅದೇ. ಪಂಚೆ ಅದೇ, ಉದ್ದ ಮಾತ್ರ ಕಡಿಮೆ. ಕೆಸರಿಗೆ ಕಾಲಿಟ್ಟ ಮೇಲೆ ಪಂಚೆ ಎತ್ತಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆ ಕಣದಲ್ಲಿ ಸರಿ, ಇಲ್ಲಿ ಗಾಳಿ ಬರುವ ಮುಂಚೆಯೇ ಎಲ್ಲ ಮುಗಿದಿರಬೇಕು.

ನನ್ನ ಹಾಯಿಯಲ್ಲಿ ರೀಫ್ ಇರಲೇ ಇಲ್ಲ. ಹಳೆಯ ಮಾಲೀಕರು ಯಾವಾಗಲೂ ಇಬ್ಬರು ಹೋಗುತ್ತಿದ್ದರಂತೆ, ಗಾಳಿ ಜಾಸ್ತಿಯಾದರೆ ಅಂಚಿನ ಮೇಲೆ ಇಬ್ಬರ ತೂಕ. ನನ್ನ ಜೊತೆ ಬರುವವರು ಯಾರೂ ಇಲ್ಲ. ಮನೆಯವಳು ಒಂದು ಸಲ ಬಂದಳು, ಸಾಕಾಯಿತು.

ಜೂನ್ ಹಿಡಿದ ಮೇಲೆ ಹೇಗೂ ದೋಣಿ ಕೊಟ್ಟಿಗೆಯಲ್ಲಿ. ಹಾಯಿಯನ್ನು ಜಗಲಿಯಲ್ಲಿ ಹರಡಿದೆ, ಜಾಗ ಸಾಲಲಿಲ್ಲ. ಅಂಗಳದಲ್ಲಿ ಹರಡೋಣ ಅಂದರೆ ಮಳೆ, ಒಳಗೆ ಹರಡೋಣ ಅಂದರೆ ಕಂಬಗಳು ಅಡ್ಡ. ಕೊನೆಗೆ ಅಡಿಕೆ ರಾಶಿ ಹಾಕುವ ಅಟ್ಟವೇ ಗತಿ. ಅಳತೆ ಹೀಗೆ: ಕಂಬದ ಪಕ್ಕದ ಅಂಚು 15 ಅಡಿ, ಬುಡ 8 ಅಡಿ. ತ್ರಿಕೋನ ಅಂತ ಹಿಡಿದರೆ 60 ಚದರಡಿ. ಬುಡದಿಂದ 3 ಅಡಿ ಮೇಲೆ ಮಡಚಿದರೆ ಉಳಿಯುವ ತ್ರಿಕೋನ 12 ಅಡಿ ಎತ್ತರ, 6.4 ಅಡಿ ಅಗಲ, ಅಂದರೆ 38 ಚದರಡಿ ಚಿಲ್ಲರೆ. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಯಿತು. ಇಷ್ಟೇ ಅಲ್ಲ, ಹಾಯಿಯ ಬಲ ಬೀಳುವ ಜಾಗವೂ ಬೂಮಿನಿಂದ 5 ಅಡಿ ಮೇಲಿದ್ದದ್ದು 4 ಅಡಿಗೆ ಇಳಿಯಿತು, ಹಾಗಾಗಿ ದೋಣಿ ಓಲುವುದು ಇನ್ನೂ ಕಡಿಮೆ. ದೊಡ್ಡ ದೋಣಿಗಳಲ್ಲಿ ಎರಡು ಮೂರು ಸಾಲು ರೀಫ್ ಇರುತ್ತದೆ. ಸಣ್ಣ ದೋಣಿಗೆ, ಅದೂ ಒಬ್ಬನೇ ಇರುವಾಗ, ಒಂದೇ ಇರಲಿ, ಅದು ಆಳವಾಗಿರಲಿ ಅಂತ ನನ್ನ ಅಭಿಪ್ರಾಯ. ಅಷ್ಟು ಕಷ್ಟಪಟ್ಟು ಕಟ್ಟಿದ ಮೇಲೆ ವ್ಯತ್ಯಾಸ ಗೊತ್ತಾಗಬೇಕಲ್ವಾ.

ಗುರುತು ಹಾಕುವಾಗ ಗೆರೆಯನ್ನು ಬುಡಕ್ಕೆ ಸಮಾನಾಂತರವಾಗಿ ಹಾಕಬಾರದು. ಕಂಬದ ಕಡೆ 3 ಅಡಿ ಇದ್ದರೆ ಹಿಂದಿನ ತುದಿಯಲ್ಲಿ 3 ಅಡಿ 3 ಇಂಚು ಇರಲಿ. ಇಲ್ಲದಿದ್ದರೆ ರೀಫ್ ಕಟ್ಟಿದಾಗ ಬೂಮಿನ ಹಿಂದಿನ ತುದಿ ಜೋತು ಬೀಳುತ್ತದೆ, ಮೊದಲೇ ತಲೆಗೆ ಬಡಿಯುವ ಗಳು ಆಮೇಲೆ ಕಿವಿಗೇ ಬಡಿಯುತ್ತದೆ. ಎರಡು ಮೂಲೆಗಳಲ್ಲಿ ದೊಡ್ಡ ಉಂಗುರ ಬೇಕು, ಬಲವೆಲ್ಲ ಬೀಳುವುದು ಅವುಗಳ ಮೇಲೆ. ನಡುವೆ ಮೂರೋ ನಾಲ್ಕೋ ಸಣ್ಣ ಐಲೆಟ್, ಅಂದರೆ ದಾರ ಹಾಯಿಸಲು ಲೋಹದ ಅಂಚಿನ ತೂತು, ಅವು ಮಡಚಿದ ಬಟ್ಟೆಯನ್ನು ಒಟ್ಟು ಮಾಡಿ ಹಿಡಿಯಲು ಮಾತ್ರ. ಈ ನಡುವಿನವನ್ನು ನೇರ ಗೆರೆಗಿಂತ ಒಂದು ಇಂಚು ಕೆಳಗೆ ಇಟ್ಟೆ, ಅವುಗಳ ಮೇಲೆ ಎಳೆತ ಬೀಳದ ಹಾಗೆ. ಇಷ್ಟು ತಿಳಿದೂ ಆಮೇಲೆ ಅಲ್ಲೇ ಹರಿದುಕೊಂಡೆ, ಅದು ಬೇರೆ ಕಥೆ.

ಹೊಲಿಯುವವರು ಯಾರು? ಪೇಟೆಯ ಟೈಲರ್ ಒಬ್ಬರು ಬಟ್ಟೆ ಮುಟ್ಟಿ ನೋಡಿ, ಇದು ನಮ್ಮ ಮಿಷನ್ನಿಗೆ ಆಗಲ್ಲ ಅಂದರು. ಹಾಯಿಯದು ಪಾಲಿಯೆಸ್ಟರ್ ಬಟ್ಟೆ, ಗಂಜಿ ಹಾಕಿದ ಹಾಗೆ ಬಿರುಸು, ಮೂಲೆಯಲ್ಲಿ ನಾಲ್ಕು ಪದರ. ಕೊನೆಗೆ ಆಟೋ, ಜೀಪಿಗೆ ಸೀಟು ಮತ್ತು ಟಾಪು ಹೊಲಿಯುವ ಕುಶನ್ ಅಂಗಡಿಯವರು ಒಪ್ಪಿದರು. ಅವರ ಮಿಷನ್ ದಪ್ಪ ರೆಕ್ಸಿನ್ ಹೊಲಿದು ಪಳಗಿದ್ದು. ನಾನು ಹಳೆಯ ಹಾಯಿಯ ತುಂಡುಗಳನ್ನು ಮೂಲೆಗೆ ಮೂರು ಪದರ ಕತ್ತರಿಸಿಕೊಂಡು ಹೋಗಿದ್ದೆ, ಒಂದಕ್ಕಿಂತ ಒಂದು ಎರಡು ಇಂಚು ದೊಡ್ಡದು, ಎಳೆತ ಒಂದೇ ಕಡೆ ನಿಲ್ಲದೆ ಹರಡಲಿ ಅಂತ. ಜಾರಬಾರದು ಅಂತ ನಡುವೆ ಎರಡೂ ಕಡೆ ಅಂಟುವ ಟೇಪು ಹಚ್ಚಿದ್ದೆ. ಹತ್ತು ಹೊಲಿಗೆ ಹಾಕುವಷ್ಟರಲ್ಲಿ ಸೂಜಿಗೆ ಅಂಟು ಹತ್ತಿ ದಾರ ಕಟ್. ಅವರು ನನ್ನ ಮುಖ ನೋಡಿದರು. ಎಣ್ಣೆ ಬಟ್ಟೆಯಲ್ಲಿ ಸೂಜಿ ಒರೆಸಿ, ಮತ್ತೆ ಹತ್ತು ಹೊಲಿಗೆ, ಮತ್ತೆ ಒರೆಸಿ, ಹೀಗೆ ಒಂದು ಸಂಜೆ ಪೂರ್ತಿ ಹೋಯಿತು. ಟೇಪು ಹಚ್ಚುವವರು ಹೊಲಿಗೆ ಬೀಳುವ ಗೆರೆ ಬಿಟ್ಟು ಹಚ್ಚಿ.

ದೊಡ್ಡ ಉಂಗುರ ಒತ್ತಿ ಕೂರಿಸುವ ಸಲಕರಣೆ ಇಲ್ಲಿ ಯಾರ ಹತ್ತಿರವೂ ಇಲ್ಲ. ಸ್ಟೀಲಿನ ಗುಂಡು ರಿಂಗು ತಂದು, ಹಳೆಯ ಕಾರಿನ ಸೀಟ್ ಬೆಲ್ಟ್ ಕತ್ತರಿಸಿ, ರಿಂಗಿನೊಳಗೆ ಪಟ್ಟಿ ಹಾಯಿಸಿ, ಹಾಯಿಯ ಎರಡೂ ಮುಖಕ್ಕೆ ತಂದು ಹೊಲಿಸಿದೆ. ಒಂದು ಮೂಲೆಗೆ ಮೂರು ಪಟ್ಟಿ, ಮೂರು ದಿಕ್ಕಿಗೆ. ನೋಡಲು ಒರಟು. ಇಲ್ಲಿಯವರೆಗೆ ಒಂದು ಎಳೆ ದಾರವೂ ಕದಲಿಲ್ಲ. ಸಣ್ಣ ಐಲೆಟ್ ನಾಲ್ಕನ್ನು ಚಪ್ಪಲಿ ರಿಪೇರಿಯವರು ಐದು ನಿಮಿಷದಲ್ಲಿ ಹೊಡೆದು ಕೊಟ್ಟರು.

ಆಗಸ್ಟಿನಲ್ಲಿ ಒಂದು ಘಟನೆ ನಡೆಯಿತು, ಆವತ್ತು ಅದು ನನಗೆ ಅರ್ಥ ಆಗಲಿಲ್ಲ. ಅಡಿಕೆ ತೋಟಕ್ಕೆ ಎರಡನೇ ಸಲ ಬೋರ್ಡೋ, ಅಂದರೆ ಕೊಳೆರೋಗದ ಔಷಧಿ, ಹೊಡೆಯಲು ಮರ ಹತ್ತುವ ಕೊನೆಗಾರ ಬಂದಿದ್ದ. ಮಳೆ ಸ್ವಲ್ಪ ಹೊಳವು ಕೊಟ್ಟಿತ್ತು. ಅವನು ಮರ ಹತ್ತಿ, ಗೊನೆಯ ಹತ್ತಿರ ಸಣ್ಣ ಮಣೆ ಸಿಕ್ಕಿಸಿ, ಅದರ ಮೇಲೆ ಕೂತು, ಆಮೇಲೆ ಪೈಪು ಎಳೆದುಕೊಂಡ. ನಾನು ಕೆಳಗೆ ನಿಂತು, ಮಣೆ ಕೂರಿಸುತ್ತಾ ಕೂತರೆ ಹೊತ್ತಾಗುವುದಿಲ್ಲವಾ, ಮಳೆ ಬಂದರೆ ಅಂತ ಕೇಳಿದೆ. ಮೇಲಿನಿಂದಲೇ ಹೇಳಿದ, "ಎರಡೂ ಕೈ ಬೇಕಲ್ಲ ಮಾರಾಯ್ರೆ, ಮೊದ್ಲು ಕೂರಕ್ಕೆ ಜಾಗ ಮಾಡ್ಕಂಡ್ರೆ ಆಮೇಲಿಂದು ಸಲೀಸು." ಹೂಂ ಅಂದು ಒಳಗೆ ಹೋದೆ. ಒಳಗೆ ಹೋಗಿ ರೀಫ್ ಹಗ್ಗಕ್ಕೆ ಗಂಟು ಹಾಕುತ್ತಾ ಕೂತೆ.

ಹಗ್ಗದ ಕೆಲಸದಲ್ಲಿ ಮೂರು ತಪ್ಪು ಮಾಡಿದೆ.

ಒಂದು, ಒಂದೇ ಹಗ್ಗದಲ್ಲಿ ಎರಡೂ ಮೂಲೆ ಎಳೆಯುವ ವ್ಯವಸ್ಥೆಗೆ ಆಸೆ ಬಿದ್ದದ್ದು. ಚಿತ್ರದಲ್ಲಿ ಚೆಂದ ಕಾಣುತ್ತದೆ, ಕೂತಲ್ಲಿಂದ ಒಂದು ಹಗ್ಗ ಎಳೆದರೆ ಮುಂದಿನ ಮೂಲೆಯೂ ಹಿಂದಿನ ಮೂಲೆಯೂ ಕೆಳಗೆ ಬಂದು ಕೂರಬೇಕು. ನನ್ನ ರಾಟೆಗಳು ಸಣ್ಣವು, ಬೇರಿಂಗ್ ಇಲ್ಲದವು. ಹಗ್ಗ ಐದು ಕಡೆ ತಿರುಗುವಷ್ಟರಲ್ಲಿ ಉಜ್ಜಿ ಉಜ್ಜಿ ಬಲವೆಲ್ಲ ಅಲ್ಲೇ ಸತ್ತುಹೋಗುತ್ತಿತ್ತು. ಮುಂದಿನ ಮೂಲೆ ಬಂದರೆ ಹಿಂದಿನದು ಬಾರದು. ಎರಡು ಹಗ್ಗ ಮಾಡಿದೆ. ಸುಖವಾಯಿತು.

ಎರಡನೆಯದು, ನೈಲಾನ್. ದನದ ಹಗ್ಗ, ತೋಟದ ಹಗ್ಗ ಮಾರುವ ಅಂಗಡಿಯಿಂದ 6 ಮಿಲಿಮೀಟರ್ ನೈಲಾನ್ ತಂದಿದ್ದೆ. ನೈಲಾನ್ ಎಳೆದರೆ ಹಿಗ್ಗುತ್ತದೆ. ಲಂಗರಿಗೆ ಒಳ್ಳೆಯದು, ರೀಫಿಗೆ ಕೆಟ್ಟದ್ದು. ಗಾಳಿ ಬೀಸಿದಾಗಲೆಲ್ಲ ಹಿಂದಿನ ಮೂಲೆ ಎರಡು ಮೂರು ಇಂಚು ಮೇಲೇಳುತ್ತಿತ್ತು, ಹಾಯಿಗೆ ಹೊಟ್ಟೆ ಬರುತ್ತಿತ್ತು. ಜೋರು ಗಾಳಿಯಲ್ಲಿ ಹಾಯಿ ಹಪ್ಪಳದ ಹಾಗೆ ಚಪ್ಪಟೆ ಇರಬೇಕು, ಹೊಟ್ಟೆ ಬಂದರೆ ದೋಣಿ ಇನ್ನೂ ಓಲುತ್ತದೆ. ಆಮೇಲೆ ಹ್ಯಾಲ್ಯಾರ್ಡಿಗೂ ರೀಫಿಗೂ ಹೆಣೆದ ಪಾಲಿಯೆಸ್ಟರ್ ಹಗ್ಗ ಹಾಕಿದೆ. ಇನ್ನೊಂದು, ಹಿಂದಿನ ಮೂಲೆಯ ಹಗ್ಗ ಅದನ್ನು ಕೆಳಕ್ಕೆ ಮಾತ್ರ ಎಳೆದರೆ ಸಾಲದು, ಹಿಂದಕ್ಕೂ ಎಳೆಯಬೇಕು. ಹಾಗಾಗಿ ಬೂಮಿನ ಮೇಲೆ ಹಗ್ಗ ಕಟ್ಟಿದ ಜಾಗ ಉಂಗುರ ಬಂದು ಕೂರುವ ಜಾಗಕ್ಕಿಂತ ಎರಡು ಮೂರು ಇಂಚು ಹಿಂದೆ ಇರಬೇಕು.

ಮೂರನೆಯದು ಬೂಮನ್ನು ಎತ್ತಿ ಹಿಡಿಯಲು ಏನೂ ಇರಲಿಲ್ಲ. ಬೂಮನ್ನು ಮೇಲೆ ಹಿಡಿದಿರುವುದು ಹಾಯಿಯೇ. ಹಾಯಿ ಸಡಿಲ ಬಿಟ್ಟ ತಕ್ಷಣ ಗಳು ಬೀಳುತ್ತದೆ, ಇದನ್ನು ಯೋಚಿಸಿಯೇ ಇರಲಿಲ್ಲ. ಅಕ್ಟೋಬರಿನ ಮೊದಲ ಪರೀಕ್ಷೆಯಲ್ಲಿ ಅದು ಬಿದ್ದದ್ದು ನನ್ನ ಕಾಲಿನ ಮೇಲೆ. ಮೊಣಕಾಲಿನ ಕೆಳಗಿನ ಗಾಯ ಅದೇ. ಈಗ ಕಂಬದ ತುದಿಯಿಂದ ಬೂಮಿನ ತುದಿಗೆ 4 ಮಿಲಿಮೀಟರ್ ಹಗ್ಗ ಒಂದಿದೆ, ಟಾಪಿಂಗ್ ಲಿಫ್ಟ್ ಅನ್ನುತ್ತಾರೆ. ಒಬ್ಬರೇ ಹೋಗುವವರು ಮೊದಲು ಹಾಕಬೇಕಾದ ಹಗ್ಗ ಇದು, ರೀಫ್‌ಗಿಂತ ಮುಂಚೆ.

ಅದೇ ದಿನ ಹಾಯಿ ಹರಿದದ್ದು. ರೀಫ್ ಕಟ್ಟಿದ್ದೆ, ಬಿಚ್ಚುವಾಗ ನಡುವಿನ ನಾಲ್ಕು ಗಂಟುಗಳಲ್ಲಿ ಮೂರು ಬಿಚ್ಚಿದೆ, ಒಂದು ಮರೆತೆ, ಮೂಲೆಯ ಹಗ್ಗ ಸಡಿಲಿಸಿ ಹ್ಯಾಲ್ಯಾರ್ಡ್ ಎಳೆದೆ. ಹಾಯಿಯ ಪೂರ್ತಿ ಎಳೆತ ಆ ಒಂದು ಸಣ್ಣ ಐಲೆಟ್ಟಿನ ಮೇಲೆ. ಪರ್ ಅಂತ ಸದ್ದು, ಒಂದು ಗೇಣು ಸೀಳು. ಬಿಚ್ಚುವಾಗ ಮೊದಲು ನಡುವಿನ ಗಂಟುಗಳೆಲ್ಲ, ಆಮೇಲೆ ಹಿಂದಿನ ಮೂಲೆ, ಆಮೇಲೆ ಮುಂದಿನ ಮೂಲೆ, ಕೊನೆಗೆ ಹ್ಯಾಲ್ಯಾರ್ಡ್. ಕಟ್ಟುವಾಗ ಇದಕ್ಕೆ ಸರೀ ಉಲ್ಟಾ. ಗಂಟು ಹಾಕುವುದು ಪಾಯಿಜಾಮದ ಲಾಡಿಗೆ ಹಾಕುವ ಗಂಟು, ಒಂದು ತುದಿ ಎಳೆದರೆ ಬಿಚ್ಚಬೇಕು, ಒದ್ದೆಯಾದರೂ ಬಿಚ್ಚಬೇಕು. ನನ್ನ ಹಾಯಿಯ ಬುಡ ಬೂಮಿಗೆ ಎರಡು ತುದಿಯಲ್ಲಿ ಮಾತ್ರ ಸಿಕ್ಕಿಕೊಂಡಿದೆ, ಹಾಗಾಗಿ ಗಂಟನ್ನು ಮಡಚಿದ ಬಟ್ಟೆಯ ಸುತ್ತ ಮಾತ್ರ ಕಟ್ಟುತ್ತೇನೆ, ಬೂಮನ್ನು ಸೇರಿಸಿ ಬಿಗಿಯುವುದಿಲ್ಲ. ಈಗ ನಾಲ್ಕು ಗಂಟಿನ ದಾರವೂ ಕೆಂಪು. ಒಂದು ಉಳಿದರೂ ಕಣ್ಣಿಗೆ ಚುಚ್ಚುತ್ತದೆ.

ಇಷ್ಟೆಲ್ಲ ಸರಿ ಮಾಡಿಕೊಂಡು ನವೆಂಬರಿನಲ್ಲಿ ಮತ್ತೆ ನೀರಿಗಿಳಿಸಿದೆ. ಮೂಡಗಾಳಿ ಶುರುವಾಗಿತ್ತು. ದಡದಲ್ಲಿ ಕೂತು ಕಟ್ಟಿದರೆ ಎರಡು ನಿಮಿಷದ ಕೆಲಸ. ನೀರಿನ ಮಧ್ಯೆ ಕಟ್ಟಲು ಹೋದರೆ ಆಗಲೇ ಇಲ್ಲ. ಒಂದು ಕೈ ಚುಕ್ಕಾಣಿಯಲ್ಲಿ, ಇನ್ನೊಂದು ಕೈಯಲ್ಲಿ ಏನು ಮಾಡುವುದು? ಚುಕ್ಕಾಣಿ ಬಿಟ್ಟರೆ ಭರಣಿ ಮಳೆಯ ದಿನದ್ದೇ ಕಥೆ. ಮೂರು ಸಲ ಪ್ರಯತ್ನಿಸಿ, ಮೂರು ಸಲವೂ ಅರ್ಧ ಬಿಟ್ಟೆ. ಆವತ್ತು ಸಂಜೆ ದೋಣಿ ಎಳೆದು ಕಟ್ಟುವಾಗ ಕೊನೆಗಾರನ ಮಣೆ ನೆನಪಾಯಿತು. ನನಗೆ ಬೇಕಾದದ್ದು ಅದು. ಹಾಯಿ ಚಿಕ್ಕದು ಮಾಡುವ ಹಗ್ಗ ನನ್ನ ಹತ್ತಿರ ಇತ್ತು, ಕೂರಲು ಜಾಗ ಇರಲಿಲ್ಲ.

ಆ ಜಾಗಕ್ಕೆ ಹೀವ್ ಟು ಅನ್ನುತ್ತಾರೆ. ಹೆಸರು ಕೇಳಿದ್ದೆ, ಸಮುದ್ರದಲ್ಲಿ ಬಿರುಗಾಳಿ ಬಂದಾಗ ದೊಡ್ಡ ದೋಣಿಯವರು ಮಾಡುವುದು, ನಮಗೆ ಯಾಕೆ ಅಂದುಕೊಂಡಿದ್ದೆ. ಸೂತ್ರ ಸರಳ. ಜಿಬ್ ಹಾಯಿಯನ್ನು ತಪ್ಪು ಕಡೆಗೆ, ಅಂದರೆ ಗಾಳಿ ಬರುವ ಕಡೆಗೆ ಎಳೆದು ಕಟ್ಟಬೇಕು. ಆಗ ಅದು ದೋಣಿಯ ಮೂತಿಯನ್ನು ಗಾಳಿಯಿಂದ ಆಚೆ ತಳ್ಳುತ್ತದೆ. ಚುಕ್ಕಾಣಿಯ ಹಿಡಿಯನ್ನು ಗಾಳಿ ಹೋಗುವ ಕಡೆಗೆ ದೂಡಿ ಕಟ್ಟಬೇಕು, ಅದು ಮೂತಿಯನ್ನು ಗಾಳಿಯ ಕಡೆಗೆ ತರುತ್ತದೆ. ಮೇನ್ ಹಾಯಿ ಸಡಿಲ. ಒಂದು ಆ ಕಡೆ ತಳ್ಳುತ್ತದೆ, ಇನ್ನೊಂದು ಈ ಕಡೆ ತಳ್ಳುತ್ತದೆ, ಇಬ್ಬರ ಜಗಳದಲ್ಲಿ ದೋಣಿ ಎಲ್ಲಿಗೂ ಹೋಗದೆ, ಗಾಳಿಗೆ ಓರೆಯಾಗಿ ನಿಂತು, ನಿಧಾನಕ್ಕೆ ಪಕ್ಕಕ್ಕೆ ಜಾರುತ್ತಾ ಇರುತ್ತದೆ. ಓಲಾಟ ಕಡಿಮೆಯಾಗುತ್ತದೆ. ಎರಡೂ ಕೈ ಬಿಡುವು.

ಮಾಡುವುದು ಹೇಗೆ ಅಂದರೆ: ಗಾಳಿ ಎಡದಿಂದ ಬರುತ್ತಿದೆ, ಜಿಬ್ ಬಲಗಡೆ ಬಿಗಿದು ಕಟ್ಟಿದೆ. ನಿಧಾನಕ್ಕೆ ಮೂತಿಯನ್ನು ಗಾಳಿಗೆ ಅಡ್ಡ ದಾಟಿಸಿ. ದಾಟಿಸುವಾಗ ಮಾಮೂಲಿನ ಹಾಗೆ ಜಿಬ್ ಹಗ್ಗ ಬಿಚ್ಚಬೇಡಿ. ಅಷ್ಟೇ ಗುಟ್ಟು. ಈಗ ಗಾಳಿ ಬಲದಿಂದ, ಜಿಬ್ಬೂ ಬಲಗಡೆಯೇ ಸಿಕ್ಕಿಕೊಂಡಿದೆ, ಬೂಮ್ ಎಡಕ್ಕೆ ಹೋಗಿದೆ. ಮೇನ್ ಸಡಿಲಿಸಿ, ಹಿಡಿಯನ್ನು ಎಡಕ್ಕೆ ದೂಡಿ ಕಟ್ಟಿ.

ಸುಲಭ ಅಂದುಕೊಂಡಿರಾ? ಡಿಸೆಂಬರ್ ಪೂರ್ತಿ ಹೋಯಿತು. ಸಿಗಂದೂರು ಸೇತುವೆ ಆದ ಮೇಲೆ ಮೇಲಿಂದ ನೋಡುವವರು ಜಾಸ್ತಿ, ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ಬಂದವರೆಲ್ಲ ಮೊಬೈಲ್ ತೆಗೆದು ನಿಲ್ಲುತ್ತಾರೆ. ದೇವಸ್ಥಾನಕ್ಕೆ ಹೋಗುವವರ ಎಷ್ಟು ವಿಡಿಯೋಗಳಲ್ಲಿ ನಾನು ಒಂದೇ ಜಾಗದಲ್ಲಿ ಗಿರಗಿಟ್ಟಲೆ ಹೊಡೆಯುತ್ತಿದ್ದೇನೋ.

ಹಗುರ ದೋಣಿಗೆ ಹೀವ್ ಟು ಸುಲಭಕ್ಕೆ ಒಗ್ಗುವುದಿಲ್ಲ, ತೂಕ ಇಲ್ಲವಲ್ಲ, ಪ್ರತಿ ಬೀಸಿಗೂ ಬುದ್ಧಿ ಬದಲಾಯಿಸುತ್ತದೆ. ಮೊದಲ ದಿನ ಮೇನ್ ಸಾಕಷ್ಟು ಬಿಟ್ಟಿರಲಿಲ್ಲ. ದೋಣಿ ಮೂತಿಯನ್ನು ಗಾಳಿಯ ಕಡೆಗೇ ತಿರುಗಿಸುತ್ತಾ ಹೋಗಿ ಗಾಳಿ ದಾಟಿ ಆ ಕಡೆ ಬಿತ್ತು, ಜಿಬ್ ಸರಿಯಾಗಿ ತುಂಬಿತು, ಕಟ್ಟಿದ ಚುಕ್ಕಾಣಿಯ ಜೊತೆ ಓಟ ಕಿತ್ತಿತು. ಎರಡನೇ ದಿನ ಮೇನ್ ಪೂರ್ತಿ ಬಿಟ್ಟೆ, ಜಿಬ್ ಬಿಗಿಯಾಗಿ ಎಳೆದೆ. ಈಗ ಮೂತಿ ಗಾಳಿಯಿಂದ ಆಚೆ ತಿರುಗಿ ದೋಣಿ ಗಾಳಿಗೆ ಅಡ್ಡ ನಿಂತಿತು, ಹೊಟ್ಟೆ ತೊಳಸುವ ಹಾಗೆ ಓಲಾಡಿತು. ಜಿಬ್ಬನ್ನು ನಾಲ್ಕು ಬೆರಳು ಸಡಿಲಿಸಿ, ಮೇನನ್ನು ಒಂದು ಗೇಣು ಒಳಗೆಳೆದಾಗ ಸುಮಾರಾಗಿ ಕೂತಿತು. ಪೂರ್ತಿ ಕೂತದ್ದು ಸೆಂಟರ್‌ಬೋರ್ಡ್ ಎತ್ತಿದಾಗ. ದೋಣಿಯ ನಡುವೆ ನೀರೊಳಗೆ ಇಳಿಬಿಡುವ ಹಲಗೆ ಅದು, ಪಕ್ಕಕ್ಕೆ ಜಾರದ ಹಾಗೆ ಹಿಡಿಯುತ್ತದೆ. ನನ್ನದು ಕತ್ತಿಯ ಹಾಗೆ ಹಿಂದಕ್ಕೆ ಮಡಚಿಕೊಳ್ಳುವಂಥದ್ದು. ಮೂರರಲ್ಲಿ ಒಂದು ಪಾಲು ಮೇಲೆತ್ತಿದರೆ ನೀರಿನ ಹಿಡಿತ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಮೂತಿ ಗಾಳಿಯ ಕಡೆ ನುಗ್ಗುವ ಹಟ ಬಿಡುತ್ತದೆ. ಹಲಗೆಯ ಹಗ್ಗಕ್ಕೆ ಆ ಜಾಗದಲ್ಲಿ ಒಂದು ಗಂಟು ಹಾಕಿಟ್ಟಿದ್ದೇನೆ, ಕಣ್ಣುಮುಚ್ಚಿ ಎಳೆದರೂ ಅಲ್ಲಿಗೇ ನಿಲ್ಲುತ್ತದೆ.

ಚುಕ್ಕಾಣಿ ಕಟ್ಟಲು ಸೈಕಲ್ ಟ್ಯೂಬಿನ ಪಟ್ಟಿ. ಹಗ್ಗ ಕಟ್ಟಿದರೆ ಒಂದೇ ಕಡೆ ಬಿಗಿದು ನಿಲ್ಲುತ್ತದೆ, ಟ್ಯೂಬು ಸ್ವಲ್ಪ ಕೊಟ್ಟು ತೆಗೆದುಕೊಳ್ಳುತ್ತದೆ. ಎಡ ಅಂಚಿನಲ್ಲಿ ಒಂದು ಕೊಕ್ಕೆ, ಹಿಡಿಗೆ ಒಂದು ಸುತ್ತು, ಮುಗಿಯಿತು. 1895ರಿಂದ 1898ರವರೆಗೆ ಒಬ್ಬನೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್ ಚುಕ್ಕಾಣಿ ಕಟ್ಟಿಟ್ಟು ದಿನಗಟ್ಟಲೆ ಅದನ್ನು ಮುಟ್ಟದೆ ಸಾಗಿದ್ದನಂತೆ. ನನಗೆ ನಾಲ್ಕು ನಿಮಿಷ ಸಾಕು.

ನಾಲ್ಕು ನಿಮಿಷ ಅಂದರೆ ಎಷ್ಟು ದೂರ? ಇದನ್ನು ಅಳೆದು ನೋಡಿ, ಹೊಳೆ, ಕೆರೆ, ಹಿನ್ನೀರಿನವರು ತಪ್ಪದೆ ಅಳೆಯಬೇಕು. ನಿಂತಿದೆ ಅನ್ನಿಸಿದರೂ ದೋಣಿ ಜಾರುತ್ತಿರುತ್ತದೆ. ಮೊಬೈಲಿನ ಮ್ಯಾಪಿನಲ್ಲಿ ನೋಡಿದಾಗ ಹತ್ತು ನಿಮಿಷಕ್ಕೆ ಹತ್ತಿರ ಹತ್ತಿರ 300 ಮೀಟರ್ ಸರಿದಿದ್ದೆ, ಅಂದರೆ ಗಂಟೆಗೆ 1.8 ಕಿಲೋಮೀಟರ್, ದೋಣಿಯವರ ಲೆಕ್ಕದಲ್ಲಿ ಸುಮಾರು ಒಂದು ನಾಟ್. ನಾಲ್ಕು ನಿಮಿಷಕ್ಕೆ 120 ಮೀಟರ್. ಸಮುದ್ರದಲ್ಲಿ ಇದು ಲೆಕ್ಕಕ್ಕೇ ಇಲ್ಲ. ನಮ್ಮಲ್ಲಿ 120 ಮೀಟರಿನೊಳಗೆ ಬೊಡ್ಡೆ ಇರುತ್ತದೆ, ದ್ವೀಪ ಇರುತ್ತದೆ, ಮೀನಿನ ಬಲೆ ಇರುತ್ತದೆ. ಗಾಳಿ ಹೋಗುವ ಕಡೆ 300 ಮೀಟರ್ ಖಾಲಿ ನೀರು ಕಾಣದಿದ್ದರೆ ನಾನು ನಿಲ್ಲಿಸುವುದಿಲ್ಲ, ಮೊದಲು ಗಾಳಿಯ ಮೇಲ್ಗಡೆಗೆ ಹೋಗಿ ಜಾಗ ಮಾಡಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ನೀರಿಳಿದಾಗ ಈ ಜಾಗಗಳೇ ಬದಲಾಗುತ್ತವೆ. ಅಕ್ಟೋಬರಿನ ಖಾಲಿ ನೀರು ಏಪ್ರಿಲಿನಲ್ಲಿ ಮುಳ್ಳಿನ ಹಾಸಿಗೆ.

ಇನ್ನು ಎರಡನ್ನೂ ಸೇರಿಸುವ ಕೆಲಸ. ಇಲ್ಲಿ ಒಂದು ತೀರ್ಮಾನ ಮಾಡಿಕೊಂಡೆ, ಇಡೀ ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ ಅಂದರೂ ಆದೀತು. ಯಾವಾಗಲೂ ಗಾಳಿ ಬಲಗಡೆಯಿಂದ ಬರುವ ಹಾಗೆ ಮಾತ್ರ ನಿಲ್ಲಿಸುವುದು. ಹಾಗೆ ನಿಂತಾಗ ನಾನು ಕೂರುವುದು ಬಲಗಡೆ, ಮೇಲಾದ ಕಡೆ. ಹಾಗಿದ್ದರೆ ಎಲ್ಲ ಹಗ್ಗಗಳೂ ಬಲಗಡೆಗೇ ಬರಲಿ. ಹ್ಯಾಲ್ಯಾರ್ಡನ್ನು ಕಂಬದ ಬುಡದ ರಾಟೆಯಲ್ಲಿ ತಿರುಗಿಸಿ ಅಡ್ಡಹಲಗೆಯ ಬಲತುದಿಗೆ ತಂದೆ, ಎರಡು ರೀಫ್ ಹಗ್ಗಗಳನ್ನೂ ಅದರ ಪಕ್ಕಕ್ಕೇ ತಂದೆ, ಮೂರು ಕ್ಲೀಟ್ ಸಾಲಾಗಿ. ಈಗ ಏಳುವ ಪ್ರಶ್ನೆಯೇ ಇಲ್ಲ. ಹ್ಯಾಲ್ಯಾರ್ಡ್ ಎಷ್ಟು ಇಳಿಸಬೇಕು ಅಂತ ಪ್ರತಿ ಸಲ ಕತ್ತೆತ್ತಿ ನೋಡುತ್ತಿದ್ದೆ. ಒಂದು ದಿನ ದಡದಲ್ಲೇ ರೀಫನ್ನು ಸರಿಯಾಗಿ ಕಟ್ಟಿ, ಆಗ ಕ್ಲೀಟಿನಲ್ಲಿ ಹಗ್ಗದ ಯಾವ ಜಾಗ ಇದೆಯೋ ಅಲ್ಲಿ ಕೆಂಪು ದಾರವನ್ನು ಒತ್ತೊತ್ತಾಗಿ ಒಂದು ಇಂಚು ಸುತ್ತಿ, ಸೂಜಿಯಲ್ಲಿ ಒಳಗೆ ಹೊಲಿದುಬಿಟ್ಟೆ. ಈಗ ಕತ್ತಲಾದರೂ ಬೆರಳಿಗೆ ಆ ಉಬ್ಬು ಸಿಗುತ್ತದೆ. ಸಿಕ್ಕಿತಾ, ಕ್ಲೀಟಿಗೆ ಹಾಕು.

ಒಂದು ಸಣ್ಣ ತೊಂದರೆ ಉಳಿದಿದೆ. ಮೇನ್ ಇಳಿಸಿದ ಆ ಅರ್ಧ ನಿಮಿಷ ಜಿಬ್ಬಿಗೆ ಎದುರಾಳಿ ಇರುವುದಿಲ್ಲ, ಮೂತಿ ಗಾಳಿಯಿಂದ ಆಚೆ ತಿರುಗಲು ನೋಡುತ್ತದೆ. ಜಿಬ್ ಹಗ್ಗವನ್ನು ಇನ್ನೊಂದು ನಾಲ್ಕು ಬೆರಳು ಬಿಟ್ಟುಕೊಟ್ಟರೆ ತಡೆಯುತ್ತದೆ. ಹಿಂದಿನ ಮೂಲೆ ಬಿಗಿದ ಕೂಡಲೇ ಮತ್ತೆ ಸರಿಹೋಗುತ್ತದೆ.

ಅಂತೂ ಜನವರಿಯ ಲೆಕ್ಕ ಹೀಗಿತ್ತು. ನಿಲ್ಲಿಸಲು ಅರ್ಧ ನಿಮಿಷ, ಟಾಪಿಂಗ್ ಲಿಫ್ಟ್ ಬಿಗಿದು ಹ್ಯಾಲ್ಯಾರ್ಡ್ ಕೆಂಪು ಗುರುತಿಗೆ ಇಳಿಸಿ ಮುಂದಿನ ಮೂಲೆ ಎಳೆಯಲು ಒಂದು ನಿಮಿಷ, ಹಿಂದಿನ ಮೂಲೆಗೆ ಒಂದು, ನಾಲ್ಕು ಗಂಟಿಗೆ ಒಂದೂವರೆ. ನಾಲ್ಕು ನಿಮಿಷ. ಗಂಟು ಬಿಟ್ಟರೂ ದೋಣಿ ನಡೆಯುತ್ತದೆ, ಬಟ್ಟೆ ಜೋಲುತ್ತದೆ ಅಷ್ಟೇ, ಅವಸರ ಇದ್ದರೆ ಅದನ್ನು ಆಮೇಲೆ ಕಟ್ಟಿದರಾಯಿತು.

ಯಾವಾಗ ಕಟ್ಟಬೇಕು? ಕಟ್ಟಬೇಕಾ ಅಂತ ಮನಸ್ಸಿಗೆ ಬಂದಾಗಲೇ. ನೀರಿನ ಮೇಲೆ ಅಲ್ಲಲ್ಲಿ ಅಲ್ಲ, ಎಲ್ಲ ಕಡೆ ಬಿಳಿ ನೊರೆ ಕಂಡರೆ ಗಾಳಿ ಗಂಟೆಗೆ 20 ಕಿಲೋಮೀಟರ್ ದಾಟಿದೆ ಅಂತ ಲೆಕ್ಕ, ಅಷ್ಟರಲ್ಲಿ ಕಟ್ಟಿ ಮುಗಿದಿರಬೇಕು. ಆದರೆ ಗುಡುಗು ಕೇಳಿದರೆ ಈ ರೀಫ್, ಹೀವ್ ಟು ಯಾವುದೂ ಬೇಡ, ದಡಕ್ಕೆ ಹೋಗಿ. ಬಯಲಿನಂಥ ನೀರಿನ ಮೇಲೆ ಅಲ್ಯೂಮಿನಿಯಂ ಕಂಬ ಹಿಡಿದುಕೊಂಡು ಕೂರುವ ಹೊತ್ತಲ್ಲ ಅದು. ಲೈಫ್ ಜಾಕೆಟ್ ಬಗ್ಗೆ ಹೇಳುವುದೇ ಇಲ್ಲ, ಅದು ಮೈಮೇಲೆ ಇದೆ ಅಂತಲೇ ಅಂದುಕೊಂಡು ಇಷ್ಟೆಲ್ಲ ಬರೆದಿದ್ದೇನೆ.

ಈ ವರ್ಷದ ಭರಣಿಯಲ್ಲಿ ಒಂದು ಸಲ ನಿಜವಾಗಿ ಬೇಕಾಯಿತು. ಪಡುವಣದಲ್ಲಿ ಮೋಡ ಕಟ್ಟಿತು, ಇನ್ನೂ ದೂರ, ಗುಡುಗಿಲ್ಲ, ಗಾಳಿ ತಣ್ಣಗಾಯಿತು. ಈ ಸಲ ಇನ್ನೊಂದು ಸುತ್ತು ಅನ್ನಲಿಲ್ಲ. ಗಾಳಿ ಹೋಗುವ ಕಡೆ ಬೊಡ್ಡೆ ಇಲ್ಲ ಅಂತ ನೋಡಿ, ಮೂತಿ ದಾಟಿಸಿದೆ, ಜಿಬ್ ಬಿಡಲಿಲ್ಲ, ಟ್ಯೂಬು ಸುತ್ತಿದೆ. ದೋಣಿ ದನ ಮಲಗಿದ ಹಾಗೆ ಕೂತಿತು. ಕಟ್ಟಿ ಮುಗಿಸಿದಾಗ ಗಾಳಿ ಇನ್ನೂ ಬಂದಿರಲಿಲ್ಲ, ಪೆದ್ದನ ಹಾಗೆ ಸಣ್ಣ ಹಾಯಿ ಏರಿಸಿಕೊಂಡು ತೆವಳುತ್ತಾ ದಡದ ಕಡೆ ಹೊರಟೆ. ಅರ್ಧ ದಾರಿಯಲ್ಲಿ ಬಂತು. ಅಂಚು ಓಲಿತು, ನೀರಿಗೆ ಒಂದು ಗೇಣು ಮೇಲೆಯೇ ನಿಂತಿತು. ದಡಕ್ಕೆ ಎಳೆದು ಕಂಬ ಇಳಿಸುವಾಗ ಮೊದಲ ಗುಡುಗು.

ಗಂಟುಗಳನ್ನು ಮಾರನೆಯ ದಿನ ಅಂಗಳದಲ್ಲಿ ಬಿಚ್ಚಿದೆ. ನಾಲ್ಕೂ ಎಣಿಸಿ ಬಿಚ್ಚಿದೆ. ಟಾಪಿಂಗ್ ಲಿಫ್ಟಿನ ಹಗ್ಗ ಕಂಬದ ತುದಿಯಲ್ಲಿ ಉಜ್ಜಿ ನೂಲು ಎದ್ದಿದೆ, ಮಳೆಗಾಲದಲ್ಲಿ ಅಲ್ಲೊಂದು ಸಣ್ಣ ರಾಟೆ ಕೂರಿಸಬೇಕು. ಕುಶನ್ ಅಂಗಡಿಯವರು ಎರಡನೇ ಸಾಲು ರೀಫ್ ಹಾಕಿಸುತ್ತೀರಾ ಅಂತ ಕೇಳಿದರು. ಬೇಡ ಅಂದೆ, ಅದು ಬೇಕಾಗುವಷ್ಟು ಗಾಳಿಯಲ್ಲಿ ನಾನು ಮನೆಯಲ್ಲಿರುತ್ತೇನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಟೇಪು ಮಾತ್ರ ತರಬೇಡಿ ಅಂದರು.